ಸಿಲ್ವರ್ ಕ್ಲೋರೈಡ್: ನೀರಿಗೆ ಬಗ್ಗದ್ದು ಅಮೋನಿಯಾಕ್ಕೆ ಯಾಕೆ ಕರಗುತ್ತದೆ?

[ದೃಶ್ಯ: ಟೆಸ್ಟ್ ಟ್ಯೂಬ್ ಹತ್ತಿರದಿಂದ]

ನಮಸ್ಕಾರ. ಪಿಯು ಲ್ಯಾಬ್‌ನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆ ಇದು ನೆನಪಿರುತ್ತದೆ. ಉಪ್ಪುನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ಒಡೆದ ಹಾಲಿನ ಹಾಗೆ ಬಿಳಿ ಗಂಟು ಕಟ್ಟಿತು. ಇದೇ ಸಿಲ್ವರ್ ಕ್ಲೋರೈಡ್. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2 ಮಿಲಿಗ್ರಾಂ ಅಷ್ಟೇ.

ಈಗ ಅಮೋನಿಯಾ ಹಾಕುತ್ತೇನೆ. ಅಲ್ಲಾಡಿಸಿ ನೋಡಿ. ಗಂಟೆಲ್ಲ ಹೋಯಿತು, ನೀರು ತಿಳಿಯಾಯಿತು!

ಲ್ಯಾಬ್‌ನಲ್ಲಿ 'ಕ್ಲೋರೈಡ್ ಇದೆ' ಅಂತ ಬರೆದು ಮುಂದಕ್ಕೆ ಹೋಗುತ್ತೇವೆ, ಅಲ್ವಾ? ನನಗೆ ಈ ಪ್ರಯೋಗದಲ್ಲಿ ತುಂಬಾ ಇಷ್ಟವಾದ ಜಾಗವೇ ಇದು. ಸ್ವಲ್ಪ ನಿಲ್ಲೋಣ.

[ದೃಶ್ಯ: ಅಯಾನುಗಳ ಆನಿಮೇಷನ್]

ತಳದ ಗಂಟು ಸುಮ್ನೆ ಕೂತಿರುವುದಿಲ್ಲ. ಅದರಿಂದ ಬೆಳ್ಳಿ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ನೀರಿಗೆ ಇಳಿಯುತ್ತಲೇ ಇರುತ್ತವೆ, ಮತ್ತೆ ಬಂದು ಅಂಟಿಕೊಳ್ಳುತ್ತಲೂ ಇರುತ್ತವೆ. ಎರಡೂ ಸರಿದೂಗಿದಾಗ ಅವುಗಳ ಸಾಂದ್ರತೆಗಳ (ಲೀಟರಿಗೆ ಎಷ್ಟು ಮೋಲ್ ಅನ್ನುವ ಲೆಕ್ಕದಲ್ಲಿ) ಗುಣಲಬ್ಧ 25 ಡಿಗ್ರಿಯಲ್ಲಿ 1.8 × 10⁻¹⁰. ಉಪ್ಪು ಜಾಸ್ತಿ ಹಾಕಿದರೆ ಕ್ಲೋರೈಡ್ ಏರುತ್ತದೆ. ಆಗ ಗುಣಲಬ್ಧ ಅಷ್ಟೇ ಇರಬೇಕಾದರೆ ನೀರಿನಲ್ಲಿರುವ ಬೆಳ್ಳಿ ಕಡಿಮೆಯಾಗಲೇಬೇಕು. ಕರಗಿದ್ದ ಬೆಳ್ಳಿಯೂ ಗಂಟಿಗೆ ಸೇರುತ್ತದೆ.

ಅಮೋನಿಯಾ ಬಂದರೆ ಲೆಕ್ಕ ಉಲ್ಟಾ. ಎರಡು ಅಮೋನಿಯಾ ಅಣುಗಳು ಒಂದು ಬೆಳ್ಳಿ ಅಯಾನನ್ನು ಆಚೀಚೆಯಿಂದ ಹಿಡಿದುಕೊಳ್ಳುತ್ತವೆ. ಇದೇ ಕಾಂಪ್ಲೆಕ್ಸ್. ಬೆಳ್ಳಿ ನೀರಿನಲ್ಲೇ ಇದೆ, ಆದರೆ ಕ್ಲೋರೈಡ್ ಕೈಗೆ ಸಿಗುವುದಿಲ್ಲ. ಬಿಡಿ ಬೆಳ್ಳಿ ಕಡಿಮೆಯಾದ ಹಾಗೆಲ್ಲ ಗಂಟಿನಿಂದ ಇನ್ನಷ್ಟು ಇಳಿಯುತ್ತದೆ. ಲೆಕ್ಕ ಹಾಕಿದರೆ, 1 ಮೋಲಾರ್ (ಲೀಟರಿಗೆ ಒಂದು ಮೋಲ್) ಅಮೋನಿಯಾದಲ್ಲಿ ಕರಗುವುದು ಲೀಟರಿಗೆ ಸುಮಾರು 7 ಗ್ರಾಂ. 2 ಮಿಲಿಗ್ರಾಂ ಎಲ್ಲಿ, 7 ಗ್ರಾಂ ಎಲ್ಲಿ!

ಇಲ್ಲೊಂದು ತಿರುವು. ಕ್ಲೋರೈಡ್ ಕೂಡ ಹೀಗೆ ಹಿಡಿಯಬಲ್ಲದು. ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ಕ್ಲೋರೈಡ್ ಒಂದು ಬೆಳ್ಳಿಯನ್ನು ಹಿಡಿದುಕೊಂಡು, ಗಂಟನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತವೆ. 'ಅದೇ ಅಯಾನು ಸೇರಿಸಿದರೆ ಕರಗುವುದು ಕಡಿಮೆ' ಅಂತ ಬಾಯಿಪಾಠ ಮಾಡಿದ್ದು ಎಲ್ಲ ಕಡೆಯೂ ನಡೆಯುವುದಿಲ್ಲ.

ಸಿಲ್ವರ್ ಬ್ರೋಮೈಡ್ ಅಮೋನಿಯಾದಲ್ಲಿ ಅಲ್ಪಸ್ವಲ್ಪ ಮಾತ್ರ ಕರಗುತ್ತದೆ. ಅದಕ್ಕೆ ಇನ್ನೂ ಬಿಗಿಯಾಗಿ ಹಿಡಿಯುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಬೇಕು. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಅಂತ ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದರು. ಬೆಳಕು ಬೀಳದ ಬ್ರೋಮೈಡನ್ನು ಫೋಟೋ ಫಿಲ್ಮ್‌ನಿಂದ ತೆಗೆಯುತ್ತಿದ್ದದ್ದು ಇದೇ ಹೈಪೋ.

[ದೃಶ್ಯ: ಮತ್ತೆ ಟೆಸ್ಟ್ ಟ್ಯೂಬ್]

ಈ ಅಮೋನಿಯಾ-ಬೆಳ್ಳಿ ದ್ರಾವಣವನ್ನು ದಯವಿಟ್ಟು ಎತ್ತಿಡಬೇಡಿ. ಹಾಗೇ ಬಿಟ್ಟರೆ ಸಿಡಿಯುವ ವಸ್ತು ಆಗಬಹುದು. ಕೂಡಲೇ ನೀರು ಬೆರೆಸಿ ತೆಳುವಾಗಿಸಿದ ನೈಟ್ರಿಕ್ ಆಮ್ಲ ಹಾಕಿ. ಆಮ್ಲ ಅಮೋನಿಯಾವನ್ನು ಅಮೋನಿಯಂ ಮಾಡುತ್ತದೆ, ಹಿಡಿತ ಸಡಿಲುತ್ತದೆ.

ನೋಡಿ, ಬಿಳಿ ಗಂಟು ವಾಪಸ್ ಬಂತು.