ಘಾಟಿಯ ನೆತ್ತಿಯಲ್ಲಿ ನಿಂತ ಗಡಿಯಾರ: ಸೈಕಲ್ ರೇಸಿನಲ್ಲಿ ಹವಾಮಾನ, ಅಪಘಾತ ಮತ್ತು ತೀರ್ಪು

(ದೃಶ್ಯ: ಆಲ್ಪ್ಸ್ ಪರ್ವತಗಳ ಭೂಪಟ, ಇಸೆರಾನ್ ಘಾಟಿಯ ಮೇಲೆ ಕೆಂಪು ಗುರುತು.)

ನಮಸ್ಕಾರ. 2019ರ ಜುಲೈ 26ರಂದು ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ 19ನೆಯ ಹಂತ, ಅಂದರೆ ಆ ದಿನದ ಓಟ, ಆಲ್ಪ್ಸ್ ಪರ್ವತಗಳಲ್ಲಿ ಸಾಗುತ್ತಿತ್ತು. ಅಂದು ಸವಾರರು ಸುಮಾರು 2,770 ಮೀಟರ್ ಎತ್ತರದ ಇಸೆರಾನ್ ಘಾಟಿಯನ್ನು ಹತ್ತಿ, ಅಲ್ಲಿಂದ ವಾಲ್ ಡಿಸೇರ್ ಊರಿನತ್ತ ಇಳಿದು, ಕೊನೆಗೆ ಮತ್ತೊಂದು ಏರನ್ನೇರಿ ಟೀನ್ ಎಂಬಲ್ಲಿ ಗುರಿ ಮುಟ್ಟಬೇಕಿತ್ತು. ಕೊಲಂಬಿಯಾದ 22 ವರ್ಷದ ಎಗಾನ್ ಬರ್ನಾಲ್ ಎಲ್ಲರನ್ನೂ ಹಿಂದಿಕ್ಕಿ ನೆತ್ತಿಯನ್ನು ದಾಟಿ ಇಳಿಯತೊಡಗಿದ್ದರು. ಅಷ್ಟರಲ್ಲಿ ಮುಂದಿನ ಕಣಿವೆಯಲ್ಲಿ ಆಲಿಕಲ್ಲು ಮಳೆ ಸುರಿದು ರಸ್ತೆ ಬೆಳ್ಳಗಾಗಿತ್ತು. ಇನ್ನೊಂದೆಡೆ ಗುಡ್ಡ ಕುಸಿದು ಮಣ್ಣು ಮತ್ತು ಕೆಸರುನೀರು ದಾರಿಗೆ ಅಡ್ಡವಾಗಿ ಹರಿಯುತ್ತಿತ್ತು. ಹಿಮ ತೆಗೆಯುವ ಯಂತ್ರವೊಂದು ಜುಲೈ ತಿಂಗಳ ನಡುಹಗಲಲ್ಲಿ ಆಲಿಕಲ್ಲಿನ ರಾಶಿಯನ್ನು ಬದಿಗೆ ತಳ್ಳುತ್ತಿದ್ದ ದೃಶ್ಯವನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು.

ರೇಸನ್ನು ಅಲ್ಲಿಯೇ ತಡೆಯಲಾಯಿತು. ಇಸೆರಾನಿನ ನೆತ್ತಿಯನ್ನು ಯಾರು ಎಷ್ಟು ಹೊತ್ತಿಗೆ ದಾಟಿದರೋ ಅದೇ ಅವರ ಆ ದಿನದ ಸಮಯವೆಂದು ಅಧಿಕಾರಿಗಳು ತೀರ್ಮಾನಿಸಿದರು, ಮತ್ತು ಆ ಹಂತಕ್ಕೆ ವಿಜೇತರೆಂದು ಯಾರನ್ನೂ ಘೋಷಿಸಲಿಲ್ಲ. ಈ ಒಂದು ತೀರ್ಮಾನದಿಂದ ಎಲ್ಲ ಹಂತಗಳ ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಯಿತು. ಬೆಳಿಗ್ಗೆ ಫ್ರಾನ್ಸಿನ ಜೂಲಿಯನ್ ಅಲಾಫಿಲಿಪ್ ಅವರು ಬರ್ನಾಲರಿಗಿಂತ ಒಂದೂವರೆ ನಿಮಿಷ ಮುಂದಿದ್ದರು. ನೆತ್ತಿಯಲ್ಲಿ ಅವರು ಎರಡು ನಿಮಿಷ ಏಳು ಸೆಕೆಂಡ್ ಹಿಂದೆ ಬಿದ್ದಿದ್ದರು, ಮತ್ತು ನೆತ್ತಿಯನ್ನು ಮೊದಲು ಮುಟ್ಟಿದವರಿಗೆ ಎಂದು ಇಟ್ಟಿದ್ದ ಎಂಟು ಸೆಕೆಂಡಿನ ರಿಯಾಯಿತಿಯೂ ಬರ್ನಾಲರಿಗೇ ಸೇರಿತ್ತು. ಕೂಡಿ ಕಳೆದರೆ ಬರ್ನಾಲ್ 45 ಸೆಕೆಂಡ್ ಮುಂದಾದರು.

ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಆ ದಿನದ ಚರ್ಚೆ ಇಂದಿಗೂ ಮುಗಿದಿಲ್ಲ, ಏಕೆಂದರೆ ಅಲಾಫಿಲಿಪ್ ಇಳಿಜಾರಿನಲ್ಲಿ ಅತ್ಯಂತ ಚುರುಕಾದ ಸವಾರರೆಂದು ಹೆಸರಾದವರು. ಅದಕ್ಕೆ ಹಿಂದಿನ ದಿನವಷ್ಟೇ ಗಾಲಿಬಿಯೆ ಘಾಟಿಯ ನೆತ್ತಿಯ ಬಳಿ ಹಿಂದೆ ಬಿದ್ದಿದ್ದ ಅವರು, ವಲ್ವಾರ್ ಊರಿಗೆ ಇಳಿಯುವ ತಿರುವುಗಳಲ್ಲಿ ಮುಂದಿನ ಗುಂಪನ್ನು ಮತ್ತೆ ಕೂಡಿಕೊಂಡು ತಮ್ಮ ಜೆರ್ಸಿಯನ್ನು ಉಳಿಸಿಕೊಂಡಿದ್ದರು. ಇಸೆರಾನಿನಲ್ಲಿ ಅಂಥ ಇಳಿಜಾರು ಅವರ ಮುಂದಿದ್ದೂ ಅದರ ಪ್ರಯೋಜನ ಅವರಿಗೆ ಸಿಗಲಿಲ್ಲ. ಕೊನೆಯ ಏರಿನಲ್ಲಿ ಅವರು ಇನ್ನಷ್ಟು ಹಿಂದೆ ಬೀಳುತ್ತಿದ್ದರು ಎಂಬುದೇ ನನ್ನ ಅಂದಾಜು. ಆದರೆ ಅಂದಾಜನ್ನು ಫಲಿತಾಂಶದ ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲ.

(ದೃಶ್ಯ: ಮಂಜಿನಲ್ಲಿ ಮುಸುಕಿದ ತಿರುವುಗಳು, ತೊಯ್ದ ಕೈಗವಸುಗಳು.)

ಹೀಗಿದ್ದರೂ ರೇಸನ್ನು ನಿಲ್ಲಿಸಿದ್ದು ಸರಿಯೆಂಬುದರಲ್ಲಿ ನನಗೆ ಅನುಮಾನವಿಲ್ಲ, ಮತ್ತು ಅದಕ್ಕೆ ಕಾರಣ ತಿಳಿಯಬೇಕಾದರೆ ಎತ್ತರದ ಘಾಟಿಯನ್ನು ಇಳಿಯುವಾಗ ಏನಾಗುತ್ತದೆಂಬುದನ್ನು ನೋಡಬೇಕು. ಹತ್ತುವಾಗ ಸವಾರನ ಮೈ ಬೆವರಿನಿಂದ ತೊಯ್ದಿರುತ್ತದೆ. ನೆತ್ತಿ ದಾಟಿದ ಕ್ಷಣದಿಂದ ಪೆಡಲ್ ತುಳಿಯುವ ಅಗತ್ಯವೇ ಕಡಿಮೆಯಾಗಿ ಮೈಯ ಶಾಖ ಇಳಿಯುತ್ತದೆ, ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಬಡಿಯುವ ಗಾಳಿ ಉಳಿದ ಬಿಸಿಯನ್ನೂ ಕಿತ್ತುಕೊಳ್ಳುತ್ತದೆ, ಮತ್ತು ಬೆರಳುಗಳು ಮರಗಟ್ಟಿ ಬ್ರೇಕ್ ಹಿಡಿದದ್ದೂ ತಿಳಿಯದಂತಾಗುತ್ತದೆ. ರಸ್ತೆಯನ್ನು ಮುಟ್ಟುವ ಟೈರಿನ ಭಾಗವಾದರೋ ಹೆಬ್ಬೆರಳಿನಷ್ಟು ಅಗಲ. ಅದರಡಿ ಆಲಿಕಲ್ಲು ಸಿಕ್ಕರೆ ಯಾವ ಕೌಶಲವೂ ಸೈಕಲನ್ನು ನೇರವಾಗಿ ಹಿಡಿದಿಡಲಾರದು.

ಹಿಂದೆ ಇಂಥದ್ದನ್ನು ಸಹಿಸುವುದೇ ಶೌರ್ಯವೆನಿಸಿತ್ತು. 1988ರ ಜೂನ್ 5ರಂದು ಇಟಲಿಯ ಜಿರೋ ರೇಸನ್ನು ಹಿಮ ಬೀಳುತ್ತಿದ್ದ ಗಾವಿಯಾ ಘಾಟಿಯ ಮೇಲೆ ನಡೆಸಿಯೇ ತೀರಿದರು. ಅಂದು ಜಿರೋದಲ್ಲಿ ಮುಂದಿರುವವರ ಗುಲಾಬಿ ಜೆರ್ಸಿ ತೊಟ್ಟ ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ಕೊನೆಗೆ ಆ ವರ್ಷದ ಜಿರೋವನ್ನೇ ಗೆದ್ದರು. ಆ ದಿನದ ಚಿತ್ರಗಳನ್ನು ಇಂದಿಗೂ ಅಭಿಮಾನದಿಂದ ತೋರಿಸುತ್ತಾರೆ. ನನಗೆ ಅವುಗಳಲ್ಲಿ ಮೊದಲು ಕಾಣುವುದು ಚಳಿಯಲ್ಲಿ ಸಿಕ್ಕಿಬಿದ್ದ ಮನುಷ್ಯರು.

ಅದೇ ಗಾವಿಯಾ ಘಾಟಿ 2014ರ ಮೇ 27ರಂದು ಮತ್ತೆ ಸುದ್ದಿಯಾಯಿತು, ಮತ್ತು ಆ ದಿನದ ಪ್ರಕರಣವೇ ನನ್ನ ಮಾತಿನ ತಿರುಳು. ಜಿರೋದ 16ನೆಯ ಹಂತದಲ್ಲಿ ಸವಾರರು ಗಾವಿಯಾವನ್ನೂ ನಂತರ 2,758 ಮೀಟರ್ ಎತ್ತರದ ಸ್ಟೆಲ್ವಿಯೋವನ್ನೂ ಹಿಮದ ನಡುವೆ ದಾಟಬೇಕಿತ್ತು. ಸ್ಟೆಲ್ವಿಯೋದ ಇಳಿಜಾರಿನಲ್ಲಿ ರೇಸನ್ನು ನ್ಯೂಟ್ರಲೈಸ್ ಮಾಡಲಾಗಿದೆ, ಅಂದರೆ ಅಲ್ಲಿ ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ ಎಂಬ ಸಂದೇಶ ಸಂಘಟಕರ ಟ್ವಿಟರ್ ಖಾತೆಯಲ್ಲಿ ಬಂದು, ಸ್ವಲ್ಪ ಹೊತ್ತಿನಲ್ಲಿ ಅದು ತಪ್ಪು ಸಂದೇಶವೆಂಬ ತಿದ್ದುಪಡಿಯೂ ಬಂತು. ಇಳಿಜಾರಿನ ಮೊದಲ ತಿರುವುಗಳಲ್ಲಿ ಕೆಂಪು ಬಾವುಟ ಹಿಡಿದ ಮೋಟಾರ್ ಬೈಕುಗಳು ಸವಾರರಿಗೆ ದಾರಿ ತೋರಿಸುತ್ತವೆ ಎಂಬುದಷ್ಟೇ ತಮ್ಮ ಉದ್ದೇಶವಾಗಿತ್ತೆಂದು ಸಂಘಟಕರು ಹೇಳಿದರು. ಕಾರಿನಲ್ಲಿದ್ದ ತಂಡದ ನಿರ್ದೇಶಕರಲ್ಲಿ ಕೆಲವರು ಒಂದು ಬಗೆಯಾಗಿ, ಕೆಲವರು ಇನ್ನೊಂದು ಬಗೆಯಾಗಿ ಅರ್ಥ ಮಾಡಿಕೊಂಡು ತಮ್ಮ ಸವಾರರಿಗೆ ರೇಡಿಯೊದಲ್ಲಿ ತಿಳಿಸಿದರು.

ಪರಿಣಾಮವಾಗಿ ನೈರೋ ಕಿಂಟಾನಾ ಮತ್ತು ಕೆಲವರು ಮಂಜಿನಲ್ಲಿ ಮುಂದೆ ಹೊರಟುಹೋದರು. ಗುಲಾಬಿ ಜೆರ್ಸಿಯಲ್ಲಿದ್ದ ರಿಗೊಬೆರ್ತೊ ಉರಾನ್ ಹಿಂದುಳಿದರು. ಬೆಳಿಗ್ಗೆ ಎರಡು ನಿಮಿಷ 40 ಸೆಕೆಂಡ್ ಹಿಂದಿದ್ದ ಕಿಂಟಾನಾ ಸಂಜೆಯ ವೇಳೆಗೆ ಒಂದು ನಿಮಿಷ 41 ಸೆಕೆಂಡ್ ಮುಂದಾಗಿದ್ದರು. ಇಳಿಜಾರಿನಲ್ಲಿ ಗಳಿಸಿದ ಸಮಯವನ್ನು ಕಳೆಯಬೇಕೆಂದು ಕೆಲವು ತಂಡಗಳು ಕೇಳಿಕೊಂಡರೂ ಫಲಿತಾಂಶ ಬದಲಾಗಲಿಲ್ಲ. ಕಿಂಟಾನಾ ಮುಂದಿನ ದಿನಗಳಲ್ಲೂ ಬಲವಾಗಿ ಓಡಿಸಿ ಆ ಜಿರೋವನ್ನು ಗೆದ್ದರು, ಮತ್ತು ಗೆಲುವಿಗೆ ಅವರು ಅರ್ಹರೇ. ಆದರೆ ಒಂದೇ ರಸ್ತೆಯಲ್ಲಿ ಒಂದೇ ಹೊತ್ತಿನಲ್ಲಿ ಕೆಲವರು ರೇಸ್ ನಡೆಯುತ್ತಿದೆಯೆಂದೂ ಕೆಲವರು ನಿಂತಿದೆಯೆಂದೂ ನಂಬಿದ್ದರೆ, ಆ ತಪ್ಪನ್ನು ಯಾವ ಸವಾರನ ಮೇಲೂ ಹೊರಿಸಲಾಗದು.

(ದೃಶ್ಯ: ಸಭೆಯ ಮೇಜಿನ ಸುತ್ತ ಕುಳಿತ ಆರು ಆಕೃತಿಗಳ ರೇಖಾಚಿತ್ರ.)

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2016ರಲ್ಲಿ ವಿಪರೀತ ಹವಾಮಾನಕ್ಕೆಂದೇ ಒಂದು ನಿಯಮಾವಳಿಯನ್ನು ತಂದಿತು. ಮಂಜುಗಡ್ಡೆಯಾಗುವ ಮಳೆ, ರಸ್ತೆಯ ಮೇಲೆ ಕೂತ ಹಿಮ, ಬಿರುಗಾಳಿ, ಅತಿಯಾದ ಬಿಸಿಲು ಅಥವಾ ಚಳಿ, ಕಣ್ಣು ಕಾಣದ ಮಂಜು ಇಂಥವುಗಳ ಮುನ್ಸೂಚನೆ ಇದ್ದಾಗ ಸಂಘಟಕರು, ಸವಾರರ ಮತ್ತು ತಂಡಗಳ ಪ್ರತಿನಿಧಿಗಳು, ರೇಸಿನ ವೈದ್ಯರು, ಮುಖ್ಯ ತೀರ್ಪುಗಾರರು ಹಾಗೂ ಸುರಕ್ಷತೆಯ ಹೊಣೆ ಹೊತ್ತವರು ಕೂಡಿ ಮಾತನಾಡಿ, ಆರಂಭದ ಸ್ಥಳವನ್ನೋ ವೇಳೆಯನ್ನೋ ಬದಲಿಸುವುದರಿಂದ ಹಿಡಿದು ಹಂತವನ್ನೇ ರದ್ದು ಮಾಡುವವರೆಗೆ ಏನು ಬೇಕಾದರೂ ತೀರ್ಮಾನಿಸಬಹುದು. ಮುನ್ಸೂಚನೆ ಇದ್ದಾಗ ಈ ಏರ್ಪಾಡು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಸೆರಾನಿನಲ್ಲಾದಂತೆ ರೇಸ್ ನಡೆಯುತ್ತಿರುವಾಗಲೇ ಗುಡ್ಡ ಕುಸಿದರೆ ಸಭೆ ಕೂಡುವಷ್ಟು ಹೊತ್ತು ಯಾರ ಬಳಿ ಇರುತ್ತದೆ?

ಅಪಘಾತದ ವಿಷಯದಲ್ಲಿ ಸೈಕಲ್ ಕ್ರೀಡೆ ಇದಕ್ಕಿಂತ ಸ್ಪಷ್ಟವಾದ ಒಂದು ದಾರಿಯನ್ನು ಕಂಡುಕೊಂಡಿದೆ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಸ್ಪರ್ಧೆಗಳನ್ನು ನೋಡಿದವರಿಗೆ ಗುಂಪಿನಲ್ಲಿ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಸಾಗುವುದು ಏಕೆಂದು ತಿಳಿದಿರುತ್ತದೆ: ಮುಂದಿನವರು ಗಾಳಿಯನ್ನು ಸೀಳುತ್ತಾರೆ, ಹಿಂದಿನವರಿಗೆ ಶ್ರಮ ಉಳಿಯುತ್ತದೆ. ಅದೇ ಕಾರಣಕ್ಕೆ ಒಬ್ಬರು ಬಿದ್ದರೆ ಹತ್ತು ಮಂದಿ ಬೀಳುತ್ತಾರೆ. ಆದ್ದರಿಂದ ಬಯಲು ಹಂತಗಳ ಕೊನೆಯ ಮೂರು ಕಿಲೋಮೀಟರಿನೊಳಗೆ ಬಿದ್ದವರಿಗೆ, ಬೀಳುವಾಗ ಅವರಿದ್ದ ಗುಂಪಿನ ಸಮಯವನ್ನೇ ಕೊಡುವ ನಿಯಮವಿದೆ. ಈಚೆಗೆ ಕೆಲವು ಹಂತಗಳಲ್ಲಿ ಈ ಅಂತರವನ್ನು ಐದು ಕಿಲೋಮೀಟರಿಗೆ ಹೆಚ್ಚಿಸಲೂ ಅವಕಾಶ ಮಾಡಲಾಗಿದೆ. 2020ರ ಟೂರಿನ ಮೊದಲ ದಿನ ನೀಸ್ ನಗರದ ಸುತ್ತಿನ ರಸ್ತೆಗಳು ಮಳೆಗೆ ಎಣ್ಣೆ ಸವರಿದಂತಾಗಿ ಹಲವರು ಬಿದ್ದಾಗ, ಜರ್ಮನಿಯ ಟೋನಿ ಮಾರ್ಟಿನ್ ಗುಂಪಿನ ಮುಂದೆ ಬಂದು ಕೈಚಾಚಿ ಎಲ್ಲರ ವೇಗ ತಗ್ಗಿಸಿದರು. ಅಧಿಕಾರಿಗಳೂ ಗುರಿಗೆ ಮೂರು ಕಿಲೋಮೀಟರ್ ಇರುವಾಗಲೇ ಒಟ್ಟು ಪಟ್ಟಿಯ ಸಮಯವನ್ನು ಹಿಡಿಯಲು ಒಪ್ಪಿದರು.

ಪರ್ವತದ ಹಂತಗಳಿಗೂ ಇಂಥದ್ದೊಂದು ಏರ್ಪಾಡು ಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ದಾರಿ ಮುಚ್ಚಿದರೆ ಯಾವ ನೆತ್ತಿಯ ಸಮಯ ಎಣಿಕೆಗೆ ಬರುತ್ತದೆಂಬುದನ್ನು ಬೆಳಿಗ್ಗೆಯೇ ಎಲ್ಲ ತಂಡಗಳಿಗೂ ಬರೆದು ಕೊಟ್ಟರೆ, ಹಿಂದೆ ಬಿದ್ದವರು ಆ ನೆತ್ತಿಯವರೆಗೆ ಹೇಗೆ ಹೋರಾಡಬೇಕೆಂದು ತಾವೇ ನಿರ್ಧರಿಸಬಲ್ಲರು. ಇಸೆರಾನಿನಲ್ಲಿ ಅಲಾಫಿಲಿಪ್ ಅವರಿಗೆ ಆ ನೆತ್ತಿಯೇ ತಮ್ಮ ಗುರಿಯೆಂದು ತಿಳಿದದ್ದು ಅದನ್ನು ದಾಟಿದ ಮೇಲೆ.

ಮರುದಿನದ ರೇಸಿಗೆ ಹೀಗಾಗಲಿಲ್ಲ. ಮಳೆ ಮತ್ತು ಭೂಕುಸಿತದ ಕಾರಣ ಆಲ್ಬರ್‌ವಿಲ್‌ನಿಂದ ವಾಲ್ ತೋರಾನ್‌ಗೆ ಹೋಗುವ 130 ಕಿಲೋಮೀಟರಿನ ದಾರಿಯನ್ನು ಹಿಂದಿನ ಸಂಜೆಯೇ 59 ಕಿಲೋಮೀಟರಿಗೆ ಇಳಿಸಿ ಎಲ್ಲರಿಗೂ ತಿಳಿಸಲಾಯಿತು. ವಿನ್ಸೆಂಜೊ ನಿಬಾಲಿ ಆ ಹಂತವನ್ನು ಗೆದ್ದರು, ಅಲಾಫಿಲಿಪ್ ಕೊನೆಯ ಉದ್ದನೆಯ ಏರಿನಲ್ಲಿ ಸೋತು ಒಟ್ಟು ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಜಾರಿದರು, ಮತ್ತು ಆ ಸೋಲನ್ನು ಯಾರೂ ಪ್ರಶ್ನಿಸಲಿಲ್ಲ.