ಶೂ ಸೆನ್ಸರಿಗೆ ಕವರ್: ಮಳೆ ಅಲ್ಲ, ಉಪ್ಪೇ ಕಿರಿಕಿರಿ

ಲೇಸಿನ ಮೇಲೆ ಕೂತಿರುವ ಕಪ್ಪು ಬಿಲ್ಲೆ ಕಾಣ್ತಾ ಉಂಟಲ್ಲ, ಅದೇ ಫುಟ್‌ಪಾಡ್, ಓಡುವಾಗ ವೇಗ, ದೂರ ಅಳೆದು ವಾಚಿಗೆ ಕಳಿಸುವ ಸೆನ್ಸರ್. ಕ್ಲಿಪ್ ಸಿಕ್ಕಿಸುವುದು ಸ್ಕ್ರೀನಿನಲ್ಲೇ ಉಂಟು, ನೋಡಿ. ನಾವು ಸೀದಾ ಕವರಿಗೆ ಬರುವ.

ಇದು ವೆಲ್ಕ್ರೋ ಪೌಚ್. ಹಳೇ ಐಡಿಯಾ. 2006ರಲ್ಲಿ ನೈಕಿ ಪ್ಲಸ್ ಐಪಾಡ್ ಸೆನ್ಸರ್ ಬಂದಾಗ ಅವರದ್ದೇ ಶೂನಲ್ಲಿ ಎಡಗಾಲಿನ ಇನ್‌ಸೋಲ್ ಅಡಿಗೆ ಸೆನ್ಸರ್ ಕೂರಿಸುವ ಗುಂಡಿ ಇತ್ತು. ಬೇರೆ ಶೂನವರು ಲೇಸಿಗೆ ಪೌಚ್ ಕಟ್ಟಿದರು. ಮಂಗಳೂರಿನ ತಣ್ಣೀರುಬಾವಿ ಬೀಚಿಗೆ ಮಾತ್ರ ಇದು ದಂಡ ಮಾರಾಯ್ರೆ.

ಎಂತಕ್ಕೆ? ಹತ್ತಿರ ಹಿಡೀತೇನೆ, ಫೋಕಸ್ ಆಗ್ಲಿ... ಕೊಕ್ಕೆಗಳ ಸಂದಿಯಲ್ಲಿ ಹೊಯಿಗೆ ಕಾಣ್ತದಾ? ಅಷ್ಟು ಹೊಯಿಗೆ ಕೂತರೆ ವೆಲ್ಕ್ರೋ ಅರ್ಧವೂ ಕಚ್ಚುವುದಿಲ್ಲ. ಪಾಡ್ ಒಳಗೆ ಕುಲುಕ್ತದೆ. ಅದು ಅಳೆಯುವುದೇ ಪಾದದ ಚಲನೆ, ಅದರ ಮೇಲೆ ಈ ಕುಲುಕಾಟವೂ ಸೇರಿದರೆ ಪೇಸ್, ಅಂದರೆ ಓಟದ ವೇಗ, ಎಲ್ಲೆಲ್ಲಿಗೋ ಹೋಗ್ತದೆ. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಹೊಯಿಗೆ ಹೋದೀತು. ಉಪ್ಪು ಹೋಗುವುದಿಲ್ಲ. ಗಾಳಿಯ ತೇವ ಸುಮಾರು 75 ಪರ್ಸೆಂಟ್ ದಾಟಿದರೆ ಉಪ್ಪು ತಾನೇ ನೀರು ಎಳ್ಕೊಂಡು ಕರಗ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಹಾಗೆಯೇ ಅಲ್ವಾ? ಅಂದರೆ ಅಷ್ಟು ತೇವ ಇರುವಾಗ ಈ ಪೌಚ್ ಒಣಗುವುದೇ ಇಲ್ಲ. ಆ ಉಪ್ಪುನೀರು ಬ್ಯಾಟರಿ ಮುಚ್ಚಳದ ಸಂದಿಯಿಂದ ಇಳಿದು ಕಾಂಟ್ಯಾಕ್ಟ್ ತಿಂತದೆ. ಸಿಗ್ನಲ್ ಬಿಟ್ಟು ಬಿಟ್ಟು ಬರ್ತದೆ, ಜನ ಸಿಆರ್2032 ಸೆಲ್ ಹೋಯ್ತು ಅಂತ ಹೊಸತು ಹಾಕ್ತಾರೆ. ಸೆಲ್ ಸರಿಯೇ ಉಂಟು! ಮುಚ್ಚಳ ತೆಗೆದು ಕಾಂಟ್ಯಾಕ್ಟ್ ಒರೆಸಿ ಮೊದಲು.

ಜಿಪ್‌ಲಾಕಿನಲ್ಲಿ ಸುತ್ತುವವರೂ ಇದ್ದಾರೆ. ಒಳಗೆ ಸಿಕ್ಕಿದ ತೇವಕ್ಕೆ ಹೊರಗೆ ಹೋಗಲು ದಾರಿ ಬೇಡವಾ? ಅಲ್ಯೂಮಿನಿಯಂ ಫಾಯಿಲ್ ಅಂತೂ ಮುಟ್ಟಲೇಬೇಡಿ, 2.4 ಗಿಗಾಹರ್ಟ್ಸ್ ಸಿಗ್ನಲ್ ವಾಚಿಗೆ ತಲುಪುವುದಿಲ್ಲ.

ಓ, ಸುಲ್ತಾನ್ ಬತ್ತೇರಿಯ ದೋಣಿ ಬಂತು. ಆ ಬದಿ ದಾಟಿದ ಮೇಲೆ ಬಿಸಿ ಗೋಳಿಬಜೆ... ಬೇಡ, ಶಾಟ್ ಮುಗೀತಾ ಉಂಟು, ಬೇಗ ಹೇಳ್ತೇನೆ.

ಪಂಕ್ಚರ್ ಅಂಗಡಿಯಲ್ಲಿ ಹಳೆ ಸೈಕಲ್ ಟ್ಯೂಬ್ ಕೇಳಿ, ಸುಮ್ಮನೆ ಕೊಡ್ತಾರೆ. ಪಾಡಿನ ಉದ್ದದ ಮುಕ್ಕಾಲು ಭಾಗದಷ್ಟು ತುಂಡು ಮಾಡಿ, ಒಳಗಿನ ಪೌಡರ್ ತೊಳೆದು, ಪಾಡ್ ಮತ್ತು ಕ್ಲಿಪ್ ಎರಡನ್ನೂ ಸುತ್ತುವ ಹಾಗೆ ಎಳೆದು ಹಾಕಿ. ಎರಡೂ ತುದಿ ತೆರೆದೇ ಇರಲಿ, ನೀರು ಹೊಕ್ಕರೂ ಇಳೀತದೆ. ಕ್ಲಿಪ್‌ನ ತೂತಿನಿಂದ ಲೇಸಿಗೆ 2.5 ಮಿ.ಮೀ. ಕೇಬಲ್ ಟೈ ಒಂದು. ಕ್ಲಿಪ್ ಮುರಿದರೂ ಪಾಡ್ ಸಮುದ್ರಪಾಲಾಗುವುದಿಲ್ಲ. ಬಾಲವನ್ನು ಬುಡಕ್ಕೇ ಕತ್ತರಿಸಿ, ಇಲ್ಲದಿದ್ದರೆ ಕಾಲು ಗೀರ್ತದೆ. ಓಡಿ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಫ್ಯಾನಿನಡಿ ಇಡಿ, ಬಿಸಿಲು ಬೇಡ.

ಮಂಗಳಾ ಸ್ಟೇಡಿಯಂ ಟ್ರ್ಯಾಕಿನಲ್ಲಿ ಮಾತ್ರ ಓಡುವವರಿಗೆ? ಆಯ್ತು, ವೆಲ್ಕ್ರೋವೇ ಸಾಕು, ದಂಡ ಅಂದದ್ದು ವಾಪಸ್. ಅಲ್ಲಿ ಹೊಯಿಗೆ ಎಲ್ಲಿಂದ?

ಕವರ್ ಬದಲಾದರೆ ಪಾಡ್ ಕೂರುವ ಕೋನವೂ ಬದಲಾಗ್ತದೆ, ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಹೊಂದಿಸುವುದು, ಹೊಸತಾಗಿ ಮಾಡಿ. ಟ್ರ್ಯಾಕಿನ ಒಳಗಿನ ಲೇನ್‌ನಲ್ಲಿ 4 ಸುತ್ತು, 1,600 ಮೀಟರ್. ವಾಚ್ 1,648 ತೋರಿಸಿದರೆ 1,600ನ್ನು 1,648ರಿಂದ ಭಾಗಿಸಿ ವಾಚಿನಲ್ಲಿರುವ ಹಳೆ ಕ್ಯಾಲಿಬ್ರೇಷನ್ ಫ್ಯಾಕ್ಟರ್‌ಗೆ ಗುಣಿಸಿ: 100 ಇದ್ದದ್ದು 97.1 ಆಗ್ತದೆ. ಜಿಪಿಎಸ್ ನೋಡಿ ಮಾಡಬೇಡಿ, ಟ್ರ್ಯಾಕಿನ ತಿರುವಿನಲ್ಲಿ ಅದೇ ಅಡ್ಡ ಹೋಗ್ತದೆ.