ಬಾಡಿಂಗ್ಟನ್ಸ್: ಊರಿನ ಹೆಸರು ಹೊತ್ತು ಊರು ಬಿಟ್ಟ ಬಿಯರ್

ನಮಸ್ಕಾರ ಎಲ್ಲರಿಗೂ. ಮ್ಯಾಂಚೆಸ್ಟರಿನ ವಿಕ್ಟೋರಿಯಾ ಸ್ಟೇಷನ್‌ನಿಂದ ಉತ್ತರಕ್ಕೆ ನಡೆದುಕೊಂಡು ಬಂದಿದ್ದೇನೆ. ಈಗ ಕಾಣುತ್ತಿರುವ ಈ ಹೊಸ ಕಟ್ಟಡ ಒಂದು ಕಾಲೇಜು, ತೆರೆದದ್ದು 2022ರಲ್ಲಿ. ಹತ್ತಿರದಲ್ಲೇ ಆ ಎತ್ತರದ ಗೋಪುರ ಇದೆಯಲ್ಲ, ಅದು ಸ್ಟ್ರೇಂಜ್‌ವೇಸ್ ಜೈಲಿನದು. ಕಾವಲು ಗೋಪುರ ಅಂದುಕೊಳ್ಳುವವರೇ ಜಾಸ್ತಿ. ನಿಜಕ್ಕೂ ಅದನ್ನು ಕಟ್ಟಿದ್ದು ಜೈಲಿನೊಳಗೆ ಗಾಳಿಯಾಡಲಿ ಅಂತ.

ನಾನು ಬಂದದ್ದು ಜೈಲು ನೋಡೋಕಲ್ಲ, ಕಾಲೇಜು ನೋಡೋಕೂ ಅಲ್ಲ. ಈ ಜಾಗದಲ್ಲಿ 200 ವರ್ಷಕ್ಕೂ ಹೆಚ್ಚು ಕಾಲ ಬಿಯರ್ ತಯಾರಾಗುತ್ತಿತ್ತು. ಬಾಡಿಂಗ್ಟನ್ಸ್. ಊರಿನವರ ಬಾಯಲ್ಲಿ 'ಬಾಡೀಸ್'.

1778ರಲ್ಲಿ ಇಬ್ಬರು ಧಾನ್ಯ ವ್ಯಾಪಾರಿಗಳು ಈ ಬ್ರೂವರಿ ಶುರು ಮಾಡಿದರು. ಆಗ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರಾಗಿ ಬೆಳೆಯುತ್ತಿತ್ತು. ದಿನವಿಡೀ ದುಡಿದ ಕೂಲಿಕಾರರಿಗೆ ಸಂಜೆ ಬಿಯರ್ ಬೇಕು, ಗಿರಾಕಿಗಳಿಗೇನು ಬರವಿರಲಿಲ್ಲ. ಹೆನ್ರಿ ಬಾಡಿಂಗ್ಟನ್ ಅನ್ನುವವರು 1832ರಲ್ಲಿ ಇಲ್ಲಿಗೆ ಸೇರಿದ್ದು ಊರೂರು ಸುತ್ತಿ ಆರ್ಡರ್ ಹಿಡಿಯುವ ಕೆಲಸಕ್ಕೆ. 1848ರಲ್ಲಿ ಪಾಲುದಾರರಾದರು. 1853ಕ್ಕೆ ಇಡೀ ಬ್ರೂವರಿ ಅವರದೇ ಆಯಿತು! ವರ್ಷಕ್ಕೆ ಸುಮಾರು 10,000 ಪೀಪಾಯಿ ಇದ್ದದ್ದು 1877ರ ಹೊತ್ತಿಗೆ 1,00,000 ಮುಟ್ಟಿತು. 1940ರ ಕ್ರಿಸ್‌ಮಸ್ ಹೊತ್ತಿಗೆ ಜರ್ಮನ್ ಬಾಂಬುಗಳು ಬಿದ್ದು ಬ್ರೂವರಿ ಹಾಳಾಯಿತು, ಮತ್ತೆ ಎದ್ದು ನಿಂತಿತು.

ನನಗೆ ಇಷ್ಟವಾಗುವ ಕಾಲ ಮಾತ್ರ 1970ರ ದಶಕ. ಆಗ ಬ್ರಿಟನ್ನಿನ ದೊಡ್ಡ ಕಂಪನಿಗಳು ಚಿಕ್ಕ ಚಿಕ್ಕ ಬ್ರೂವರಿಗಳನ್ನು ಒಂದೊಂದಾಗಿ ನುಂಗುತ್ತಿದ್ದವು. ಯೀಸ್ಟ್ ತೆಗೆದು, ಗ್ಯಾಸ್ ತುಂಬಿದ ಕೆಗ್ ಬಿಯರ್ ಎಲ್ಲ ಕಡೆ ಬರುತ್ತಿತ್ತು. ಹಳೆಯ ಪದ್ಧತಿಯ ಕಾಸ್ಕ್ ಬಿಯರ್ ಹಾಗಲ್ಲ. ಅದು ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಪೀಪಾಯಿಯೊಳಗೆ ಹುದುಗುತ್ತಲೇ ಇರುತ್ತದೆ. ಅದನ್ನು ಕೈಪಂಪಿನಿಂದ ಎಳೆದು ಕೊಡಬೇಕು. ನೋಡಿಕೊಳ್ಳಲು ಬರುವವರು ಬೇಕು, ಇಲ್ಲದಿದ್ದರೆ ಹುಳಿ. ಬಾಡಿಂಗ್ಟನ್ಸ್ ಈ ಪದ್ಧತಿ ಬಿಡಲಿಲ್ಲ. 1970ರ ಸುಮಾರಿಗೆ ಅಲೈಡ್ ಬ್ರೂವರೀಸ್ ಅನ್ನುವ ದೈತ್ಯ ಕಂಪನಿ ಕೊಳ್ಳಲು ಬಂದಾಗ ಕುಟುಂಬದವರು 'ಬೇಡ' ಅಂದು ಕಳಿಸಿದರು. ಒಣಹುಲ್ಲಿನ ಬಣ್ಣದ, ಚೆನ್ನಾಗಿ ಕಹಿ ಇದ್ದ ಬಿಯರ್ ಅದು. ಕಾಸ್ಕ್ ಬಿಯರ್ ಉಳಿಸಬೇಕು ಅಂತ ಹೋರಾಡುತ್ತಿದ್ದವರು ಅದನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಎಂಬತ್ತರ ದಶಕದಲ್ಲಿ ಅವರೇ ಗೊಣಗತೊಡಗಿದರು: ಕಹಿ ಕಡಿಮೆಯಾಗಿದೆ, ಮೊದಲಿನ ರುಚಿ ಇಲ್ಲ ಅಂತ.

ಅದೇ ಎಂಬತ್ತರಲ್ಲಿ ಬಾಡಿಂಗ್ಟನ್ಸ್ ತಾನೇ ಬೇರೆಯವರನ್ನು ಕೊಳ್ಳಲು ಹೊರಟಿತು. 1982ರಲ್ಲಿ ಓಲ್ಡಮ್ ಬ್ರೂವರಿ, 1985ರಲ್ಲಿ ಲಿವರ್‌ಪೂಲಿನ ಹಿಗ್ಸನ್ಸ್. ಆಮೇಲೆ 1989ರಲ್ಲಿ ಬಿಯರ್ ಮಾಡುವ ಕೆಲಸವನ್ನೇ ವಿಟ್‌ಬ್ರೆಡ್ ಕಂಪನಿಗೆ ಸುಮಾರು 5 ಕೋಟಿ ಪೌಂಡಿಗೆ ಮಾರಿಬಿಟ್ಟರು. ಪಬ್‌ಗಳನ್ನು ಮಾತ್ರ ಇಟ್ಟುಕೊಂಡರು. ಲೆಕ್ಕಾಚಾರ ನೋಡಿದರೆ ತಪ್ಪಿಲ್ಲ, ಪಬ್ ಅಂದರೆ ಕಟ್ಟಡ, ಜಾಗ, ಆಸ್ತಿ. ಆದರೆ ಬ್ರೂವರಿಗೆ ಅದರ ಪಬ್‌ಗಳೇ ಬೇರು. ತನ್ನದೇ ಪಬ್ಬಿನಲ್ಲಿ ತನ್ನದೇ ಬಿಯರ್ ಮಾರಿ ಬದುಕುವ ವ್ಯವಹಾರ ಅದು. ಬಾಗಿಲು ಮುಚ್ಚಿದ್ದು 2005ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕತೆ ಮುಗಿದದ್ದು ಈ ಮಾರಾಟದ ದಿನವೇ.

ತಮಾಷೆ ಏನು ಗೊತ್ತಾ? ಈ ಬಿಯರ್ ನಿಜವಾಗಿ ಹೆಸರು ಮಾಡಿದ್ದು ಆಮೇಲೆ! ವಿಟ್‌ಬ್ರೆಡ್ ಹತ್ತಿರ ದುಡ್ಡಿತ್ತು, ದೇಶವಿಡೀ ಮಾರುವ ಜಾಲ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ 'ಕ್ರೀಮ್ ಆಫ್ ಮ್ಯಾಂಚೆಸ್ಟರ್' ಅನ್ನುವ ಜಾಹೀರಾತು ಬಂತು. ಒಂದರಲ್ಲಂತೂ ಬಿಯರ್ ನೊರೆಯನ್ನೇ ಮುಖಕ್ಕೆ ಕ್ರೀಮಿನ ಹಾಗೆ ಹಚ್ಚಿಕೊಳ್ಳುತ್ತಾರೆ. ನಗು ಬರುತ್ತದೆ, ಅಲ್ವಾ? ಡಬ್ಬಿಯೊಳಗೆ ವಿಜೆಟ್ ಅನ್ನುವ ಚಿಕ್ಕ ಪ್ಲಾಸ್ಟಿಕ್ ತುಂಡು. ಡಬ್ಬಿ ತೆರೆದ ಕೂಡಲೇ ಅದರಿಂದ ನೈಟ್ರೋಜನ್ ಚಿಮ್ಮಿ, ಬಿಯರ್ ಮೇಲೆ ದಪ್ಪ ನೊರೆ ಕಟ್ಟುತ್ತದೆ. ಪಬ್ಬಿನ ಕೈಪಂಪು ಕೊಡುತ್ತಿದ್ದ ನೊರೆ ಈಗ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುವಂತಾಯಿತು. ಲೋಗೋದಲ್ಲಿ ಪೀಪಾಯಿ ಮತ್ತು ಎರಡು ಜೇನುನೊಣ. ಜೇನುನೊಣ ಈ ಊರಿನದೇ ಗುರುತು, ಇಲ್ಲಿ ಬೀದಿ ಬೀದಿಯಲ್ಲಿ ಕಾಣುತ್ತದೆ.

ಇಷ್ಟೆಲ್ಲ ಆದಮೇಲೆ ಆ ಡಬ್ಬಿಯನ್ನು ಎಲ್ಲಿ ತುಂಬಿದರೇನು? ಮಾರಾಟವಾಗುತ್ತಿದ್ದದ್ದು ಮ್ಯಾಂಚೆಸ್ಟರ್ ಅನ್ನುವ ಹೆಸರು. 2000ದಲ್ಲಿ ವಿಟ್‌ಬ್ರೆಡ್ ಕೂಡ ತನ್ನ ಬಿಯರ್ ವ್ಯವಹಾರವನ್ನು ಬೆಲ್ಜಿಯಮ್ಮಿನ ಇಂಟರ್‌ಬ್ರೂಗೆ 40 ಕೋಟಿ ಪೌಂಡಿಗೆ ಮಾರಿತು. ಆ ಹೊಸ ಮಾಲೀಕರಿಗೆ ಊರಿನ ನಡುವೆ ಇರುವ ಹಳೆಯ ಬ್ರೂವರಿಯ ಹಂಗೇನೂ ಇರಲಿಲ್ಲ. 2004ರಲ್ಲಿ ಮುಚ್ಚುತ್ತೇವೆ ಅಂದರು, 2005ರ ಫೆಬ್ರವರಿಯಲ್ಲಿ ಮುಚ್ಚಿದರು. ಡಬ್ಬಿ ಬಿಯರ್ ಲ್ಯಾಂಕಶೈರಿನ ಸ್ಯಾಮ್ಸ್‌ಬರಿಗೂ ವೇಲ್ಸಿನ ಮ್ಯಾಗರ್‌ಗೂ ಹೋಯಿತು. ಕಾಸ್ಕ್ ಮಾತ್ರ ಊರಿನ ಹೈಡ್ಸ್ ಬ್ರೂವರಿಯಲ್ಲಿ ಉಳಿಯಿತು, 2012ರಲ್ಲಿ ಅದೂ ನಿಂತಿತು. ಇಲ್ಲಿದ್ದ ಚಿಮಣಿಯನ್ನೂ ಕೆಡವಿದರು. ಆಮೇಲೆ ಬಹಳ ವರ್ಷ ಇದು ಸುಮ್ನೆ ಕಾರ್ ಪಾರ್ಕಿಂಗ್.

ಬೆಲ್ಜಿಯಮ್ಮಿನವರ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳೋಕೆ ನನಗೆ ಮನಸ್ಸಿಲ್ಲ. ಅವರು ಕೊಂಡದ್ದು ಆಗಲೇ ಬೇರು ಕಿತ್ತ ಗಿಡ.

ಇನ್ನೊಂದು ವಿಷಯ ಇದೆ. 2025ರಲ್ಲಿ ಬಾಡಿಂಗ್ಟನ್ಸ್ ಕಾಸ್ಕ್ ಮತ್ತೆ ಬಂತು. ಹೆಸರು ಈಗಲೂ ಬೆಲ್ಜಿಯಮ್ಮಿನ ಆ ದೊಡ್ಡ ಕಂಪನಿಯದ್ದೇ, ತಯಾರಿಸುವವರು ಜೆ.ಡಬ್ಲ್ಯೂ. ಲೀಸ್. 1828ರಿಂದ ನಡೆಯುತ್ತಿರುವ, ಇವತ್ತಿಗೂ ಕುಟುಂಬದ ಕೈಯಲ್ಲೇ ಇರುವ, ಸ್ವಂತ ಪಬ್‌ಗಳನ್ನು ಇಟ್ಟುಕೊಂಡಿರುವ ಬ್ರೂವರಿ. ಇರುವುದು ಮಿಡಲ್ಟನ್ ಜಂಕ್ಷನ್ನಿನಲ್ಲಿ. ವಿಕ್ಟೋರಿಯಾದಿಂದ ರಾಚ್‌ಡೇಲ್ ಕಡೆಗೆ ಹೋಗುವ ರೈಲು ಹತ್ತಿ ಮಿಲ್ಸ್ ಹಿಲ್‌ನಲ್ಲಿ ಇಳಿಯಬೇಕು. ಬನ್ನಿ, ಹೋಗೋಣ.